ಅಟ್ಲಾಂಟಿಕ್ ದಾಟುವ ಇಪ್ಪತ್ತು ದಿನ: ನೀರು, ನಿದ್ದೆ, ಸವೆತ

ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. 40 ಅಡಿಯ ಹಾಯಿದೋಣಿ ದಿನಕ್ಕೆ 130ರಿಂದ 150 ಮೈಲಿ ಓಡಿದರೆ 18ರಿಂದ 21 ದಿನ ಬೇಕು. 1492ರಲ್ಲಿ ಇದೇ ದ್ವೀಪಗಳಿಂದ ಹೊರಟ ಕೊಲಂಬಸ್‌ಗೆ ನೆಲ ಕಂಡದ್ದು 36 ದಿನಕ್ಕೆ. ಕುಟುಂಬ ಸಮೇತ ಹೊರಡುವವರು ನವೆಂಬರ್ ಕೊನೆಯವರೆಗೆ ಕಾಯುತ್ತಾರೆ, ಯಾಕೆಂದರೆ ಹರಿಕೇನ್ ಋತು ಲೆಕ್ಕಕ್ಕೆ ಮುಗಿಯುವುದು ನವೆಂಬರ್ 30ಕ್ಕೆ. ದಾರಿಯ ಬಗ್ಗೆ ನಾವಿಕರ ಹಳೇ ಮಾತೊಂದಿದೆ: ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು. ಬೆನ್ನಿಗೆ ಬೀಸುವ ವಾಣಿಜ್ಯ ಮಾರುತ ಗಟ್ಟಿಯಾಗಿ ಸಿಗುವುದು ಅಲ್ಲೇ.

ಬಿರುಗಾಳಿ ಬಂದರೆ ಏನು ಗತಿ ಅಂತ ಎಲ್ಲರೂ ಕೇಳುತ್ತಾರೆ. ಈ ದಾರಿಯಲ್ಲಿ, ಈ ಕಾಲದಲ್ಲಿ ದಿನನಿತ್ಯ ಕಾಡುವುದು ಸವೆತ. ಬೆನ್ನುಗಾಳಿಯಲ್ಲಿ ದೋಣಿ ಎಡಕ್ಕೆ ಬಲಕ್ಕೆ ತೊಟ್ಟಿಲಿನಂತೆ ಹೊಯ್ದಾಡುತ್ತದೆ. ಐದು ಸೆಕೆಂಡಿಗೆ ಒಂದು ಹೊಯ್ದಾಟ ಅಂತಿಟ್ಟುಕೊಂಡರೂ ದಿನಕ್ಕೆ 17,000 ದಾಟುತ್ತದೆ, 20 ದಿನಕ್ಕೆ ಸುಮಾರು ಮೂರೂವರೆ ಲಕ್ಷ. ಅಷ್ಟು ಸಲವೂ ಹಾಯಿ ಎತ್ತುವ ಹಗ್ಗ ಮಾಸ್ಟ್ (ಹಾಯಿಕಂಬ) ತುದಿಯ ರಾಟೆಯ ಮೇಲೆ ಅದೇ ಜಾಗದಲ್ಲಿ ಉಜ್ಜಿಕೊಳ್ಳುತ್ತದೆ. ಹೊರಗಿನ ಹೊದಿಕೆ ಸವೆದು, ಒಳಗಿನ ಎಳೆ ಬಿಚ್ಚಿ, ಒಂದು ರಾತ್ರಿ ಹಾಯಿ ಸೀದಾ ನೀರಿಗೆ ಬೀಳುತ್ತದೆ. ಇದಕ್ಕೆ ಮದ್ದು ಸುಲಭ. ದಿನಾ ಬೆಳಿಗ್ಗೆ ಹಗ್ಗವನ್ನು ಐದರಿಂದ ಹತ್ತು ಸೆಂಟಿಮೀಟರ್ ಎಳೆಯಿರಿ ಅಥವಾ ಬಿಡಿ, ಉಜ್ಜುವ ಜಾಗ ಬದಲಾಗಲಿ. ಮುಂದಿನ ಹಾಯಿಯನ್ನು ಹೊರಕ್ಕೆ ಚಾಚಿ ಹಿಡಿಯುವ ಕೋಲಿನ ತುದಿಯಲ್ಲಿ ಹಗ್ಗ ಹಾದುಹೋಗುವ ಕಡೆಗೂ ಇದೇ ಉಪಾಯ.

ಬೆಳಗಿನ ಡೆಕ್ ಸುತ್ತಾಟಕ್ಕೆ ಹತ್ತು ನಿಮಿಷ ಸಾಕು. ಕಣ್ಣಿಗಿಂತ ಕೈಗೆ ಹೆಚ್ಚು ಗೊತ್ತಾಗುತ್ತದೆ, ಹಗ್ಗವನ್ನು ಬೆರಳಲ್ಲಿ ಸವರಿಕೊಂಡು ಹೋಗಿ. ಡೆಕ್ ಮೇಲೆ ಒಂಟಿ ಸ್ಕ್ರೂ ಅಥವಾ ಪಿನ್ ಬಿದ್ದಿದ್ದರೆ ಅದು ಎಲ್ಲಿಂದ ಬಂತು ಅಂತ ಪತ್ತೆಯಾಗುವವರೆಗೆ ಕಾಫಿ ಇಲ್ಲ. ರಾತ್ರಿ ಹಾರಿಬಂದು ಸತ್ತ ಹಾರುಮೀನುಗಳನ್ನು ಎತ್ತಿ ಎಸೆಯುವುದೂ ಇದೇ ಹೊತ್ತಿಗೆ. ಮಕ್ಕಳಿಗೆ ಅವುಗಳನ್ನು ಎಣಿಸುವ ಕೆಲಸ ಕೊಡಿ, ಆದರೆ ಬಿಸಿಲೇರುವ ಮುಂಚೆ.

ದೊಡ್ಡ ಹಾಯಿಯ ಕೆಳ ಅಂಚನ್ನು ಹಿಡಿದಿರುವ ಅಡ್ಡಗೋಲಿಗೆ ಬೂಮ್ ಅನ್ನುತ್ತಾರೆ. ಅದರ ತುದಿಯಿಂದ ದೋಣಿಯ ಮೂಗಿನ ಕಡೆಗೆ ಒಂದು ಹಗ್ಗ ಕಟ್ಟಿ, ಅಲ್ಲಿಂದ ಚುಕ್ಕಾಣಿ ಹಿಡಿಯುವವರು ಕೂರುವ ಕಾಕ್‌ಪಿಟ್‌ಗೆ ತಂದು ಬಿಗಿಯಬೇಕು. ಇದಕ್ಕೆ ಪ್ರಿವೆಂಟರ್ ಅನ್ನುತ್ತಾರೆ. ಬೆನ್ನುಗಾಳಿಯಲ್ಲಿ ದೋಣಿ ಸ್ವಲ್ಪ ದಿಕ್ಕು ತಪ್ಪಿದರೂ ಬೂಮ್ ಈ ಕಡೆಯಿಂದ ಆ ಕಡೆಗೆ ಬೀಸಿ ಹೊಡೆಯುತ್ತದೆ, ತಲೆ ಒಡೆಯುವಷ್ಟು ಜೋರಾಗಿ. ಸಂಜೆ ಆರಕ್ಕೆ, ಗಾಳಿ ಎಷ್ಟೇ ಹದವಾಗಿದ್ದರೂ, ಹಾಯಿ ಕಿರಿದು ಮಾಡಿ. ಅರ್ಧ ನಾಟ್ (ಗಂಟೆಗೆ ಅರ್ಧ ನಾಟಿಕಲ್ ಮೈಲಿ) ವೇಗ ಹೋಗುತ್ತದೆ, ಹೋಗಲಿ. ಕತ್ತಲಲ್ಲಿ ಮಳೆಮೋಡವೊಂದು 15 ನಾಟ್ ಗಾಳಿಯನ್ನು ಕ್ಷಣದಲ್ಲಿ 30 ಮಾಡಿದಾಗ ಮಲಗಿದವರನ್ನು ಎಬ್ಬಿಸದೆ ಪಾರಾಗಬಹುದು.

ಆ ನಿದ್ದೆಯೇ ದೊಡ್ಡ ಆಸ್ತಿ. ಇಬ್ಬರೇ ದೊಡ್ಡವರಿದ್ದರೆ ರಾತ್ರಿ ಪಾಳಿ ಎಂಟರಿಂದ ಹನ್ನೊಂದು, ಹನ್ನೊಂದರಿಂದ ಎರಡು, ಎರಡರಿಂದ ಐದು, ಐದರಿಂದ ಎಂಟು. ಹಗಲಲ್ಲಿ ಇಬ್ಬರೂ ತಲಾ ಎರಡು ಗಂಟೆ ಮಲಗಲೇಬೇಕು. ಪಾಳಿಯಲ್ಲಿರುವವರು ಕೈಗಡಿಯಾರಕ್ಕೆ ಹತ್ತು ನಿಮಿಷದ ಅಲಾರಂ ಇಡಬೇಕು. ಹತ್ತೇ ಯಾಕೆ? ದೊಡ್ಡ ಹಡಗಿನ ಮಾಸ್ಟ್ ದೀಪ ಕನಿಷ್ಠ ಆರು ಮೈಲಿ ದೂರಕ್ಕೆ ಕಾಣಬೇಕು ಅನ್ನುವುದು ನಿಯಮ. ಹಡಗು 18 ನಾಟ್, ನೀವು 6 ನಾಟ್, ಎದುರುಬದುರು ಬಂದರೆ ಆರು ಮೈಲಿ ಕರಗಲು ಹದಿನೈದೇ ನಿಮಿಷ. ಸುತ್ತಲಿನ ಹಡಗುಗಳು ರೇಡಿಯೋದಲ್ಲಿ ಕಳಿಸುವ ತಮ್ಮ ಸ್ಥಾನವನ್ನು ತೋರಿಸುವ ಎಐಎಸ್ ಪರದೆ ಇದ್ದರೂ ಕಣ್ಣು ಬೇಕು, ಎಷ್ಟೋ ಪುಟ್ಟ ದೋಣಿಗಳು ಅದರಲ್ಲಿ ಕಾಣುವುದಿಲ್ಲ. ಒಬ್ಬರೇ ಪಾಳಿಯಲ್ಲಿದ್ದಾಗ ಕಾಕ್‌ಪಿಟ್ ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ಹೋಗಲೇಬೇಕಾದರೆ ಇನ್ನೊಬ್ಬರನ್ನು ಎಬ್ಬಿಸಿ, ಸೊಂಟದ ಪಟ್ಟಿಯನ್ನು ಡೆಕ್ ಉದ್ದಕ್ಕೂ ಎಳೆದ ನೈಲಾನ್ ಪಟ್ಟಿಗೆ ಸಿಕ್ಕಿಸಿಕೊಂಡೇ ಹೆಜ್ಜೆ. ಇಲ್ಲಿ ದುಂಡು ತಂತಿ ಬೇಡ, ಕಾಲಡಿಯಲ್ಲಿ ಉರುಳುತ್ತದೆ.

ನೀರಿನ ಲೆಕ್ಕ: ತಲೆಗೆ ದಿನಕ್ಕೆ ಮೂರು ಲೀಟರ್, ನಾಲ್ಕು ಜನ, 20 ದಿನದ ಪಯಣಕ್ಕೆ 30 ದಿನದ ದಾಸ್ತಾನು. ಒಟ್ಟು 360 ಲೀಟರ್. ಇದು ಕುಡಿಯಲು, ಅಡುಗೆಗೆ ಮಾತ್ರ. ಸಮುದ್ರದ ನೀರು ಸಿಹಿ ಮಾಡುವ ಯಂತ್ರ ಇದೆ ಅಂತ ಈ ಲೆಕ್ಕ ಕಡಿಮೆ ಮಾಡಬೇಡಿ, ನಡುಗಡಲಲ್ಲಿ ಅದರ ಪಂಪ್ ಕೈಕೊಟ್ಟರೆ ರಿಪೇರಿಯವ ಬರುವುದಿಲ್ಲ. ಎರಡು ಟ್ಯಾಂಕ್ ಇದ್ದರೆ ನಡುವಿನ ವಾಲ್ವ್ ಮುಚ್ಚಿಡಿ, ಒಂದು ಸೋರಿದರೂ ಇನ್ನೊಂದು ಉಳಿಯಲಿ. ಒಂದಷ್ಟು ನೀರು ಬಾಟಲಿಗಳಲ್ಲೇ ಇರಲಿ. ಮುಖ್ಯವಾಗಿ, ವಿದ್ಯುತ್ ಪಂಪಿನ ಸ್ವಿಚ್ಚು ಸದಾ ಆಫ್. ಮಗು ನಲ್ಲಿ ಅರೆಬರೆ ತಿರುಗಿಸಿ ಹೋದರೆ ಪಂಪು ರಾತ್ರಿಯಿಡೀ ಓಡಿ ಟ್ಯಾಂಕ್ ಖಾಲಿ ಮಾಡುತ್ತದೆ. ಅಡುಗೆಕಟ್ಟೆಗೆ ಕಾಲಲ್ಲಿ ಒತ್ತುವ ಪಂಪ್ ಸಾಕು. ಸ್ನಾನ ಬಕೆಟ್ಟಿನ ಸಮುದ್ರದ ನೀರಲ್ಲಿ, ಕೊನೆಗೆ ಒಂದು ಲೀಟರ್ ಸಿಹಿನೀರು. ಈ ಒಂದು ಲೀಟರಿಗೆ ಜಿಪುಣತನ ಮಾಡಿದರೆ ಮೈಮೇಲೆ ಉಳಿದ ಉಪ್ಪು ತೇವ ಹೀರುತ್ತಲೇ ಇರುತ್ತದೆ, ಹಾಸಿಗೆ ಒಣಗುವುದೇ ಇಲ್ಲ, ಕೂರುವ ಜಾಗದಲ್ಲಿ ಗುಳ್ಳೆ ಏಳುತ್ತವೆ.

ಅಡುಗೆಗೆ ಬಂದರೆ ನಮ್ಮ ಪ್ರೆಶರ್ ಕುಕ್ಕರಿಗೆ ಸಮನಾದ ಪಾತ್ರೆ ಸಮುದ್ರದಲ್ಲಿ ಇನ್ನೊಂದಿಲ್ಲ. ಮುಚ್ಚಳ ಬಿಗಿಯಾಗಿರುವುದರಿಂದ ಉರುಳಿದರೂ ಚೆಲ್ಲದು, ಗ್ಯಾಸೂ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಆಲೂಗಡ್ಡೆ, ಪಾಸ್ತಾ ಬೇಯಿಸುವುದಕ್ಕೆ ಒಂದು ಪಾಲು ಸಮುದ್ರದ ನೀರಿಗೆ ಮೂರು ಪಾಲು ಸಿಹಿನೀರು ಸರಿ, ಬಸಿದು ಚೆಲ್ಲುತ್ತೀರಲ್ಲ. ಅನ್ನ ಮಾತ್ರ ಇಟ್ಟ ನೀರನ್ನೆಲ್ಲ ಕುಡಿಯುತ್ತದೆ. ಸಮುದ್ರದ ನೀರಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿರುವಾಗ ಐದರಲ್ಲಿ ಒಂದು ಪಾಲು ಮೀರಿದರೆ ಬಾಯಿಗಿಡಲಾಗದು. ಗಡಿಯಾರದ ಲೋಲಕದಂತೆ ತೂಗುವ ಒಲೆ ಇದ್ದರೂ ಸುಟ್ಟುಕೊಳ್ಳುವ ಅಪಾಯ ಇದ್ದೇ ಇದೆ. ಎಷ್ಟೇ ಸೆಖೆಯಿದ್ದರೂ ಅಡುಗೆಯವರು ರಬ್ಬರ್ ಏಪ್ರನ್ ಕಟ್ಟಿಕೊಳ್ಳಲಿ. ಲೋಟವನ್ನು ಸಿಂಕಿನೊಳಗೆ ಇಟ್ಟೇ ಚಹಾ ಸುರಿಯಿರಿ, ಕೈಯಲ್ಲಿ ಹಿಡಿದು ಎಂದೂ ಬೇಡ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಕೂರುತ್ತದೆ. ಹಾಗಾಗಿ ಅಡುಗೆ ಮುಗಿದಾಗಲೆಲ್ಲ ಸಿಲಿಂಡರಿನ ಹತ್ತಿರವೇ ವಾಲ್ವ್ ಮುಚ್ಚಬೇಕು. ಒಲೆ ಹೊತ್ತಿಸಲು ಮನಸ್ಸೇ ಬಾರದ ದಿನಕ್ಕೆ ಅವಲಕ್ಕಿ, ಚಟ್ನಿಪುಡಿ, ಒಂದಿಷ್ಟು ಎಣ್ಣೆ. ಯುರೋಪಿನವರ ಬಿಸ್ಕತ್ತು ಡಬ್ಬಿಗಳಿಗಿಂತ ಇದೇ ವಾಸಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ದಾಸ್ತಾನು ತರುವಾಗ ರಟ್ಟಿನ ಪೆಟ್ಟಿಗೆ ದೋಣಿಯೊಳಗೆ ಬರಕೂಡದು, ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಇರುತ್ತದೆ. ಕೋಳಿಮೊಟ್ಟೆ ಫ್ರಿಜ್ಜಿನಲ್ಲಿ ಇಟ್ಟದ್ದಾಗಿರಬಾರದು, ತೊಳೆದದ್ದೂ ಆಗಿರಬಾರದು. ಎರಡು ಮೂರು ದಿನಕ್ಕೊಮ್ಮೆ ಟ್ರೇ ತಿರುಗಿಸಿಟ್ಟರೆ ಪೂರಾ ಪಯಣಕ್ಕೆ ಬರುತ್ತವೆ. ಈರುಳ್ಳಿ, ಆಲೂಗಡ್ಡೆ ಬೇರೆ ಬೇರೆ ಬಲೆಯಲ್ಲಿ. ಎಲೆಕೋಸು ಕೊನೆವರೆಗೂ ನಂಬಿಕಸ್ತ. ಬಾಳೆಗೊನೆ ಆಸೆಪಟ್ಟು ಇಡಿಯಾಗಿ ತಂದರೆ ಎಲ್ಲವೂ ಒಂದೇ ದಿನ ಹಣ್ಣಾಗಿ ಕೂರುತ್ತವೆ.

ಮಕ್ಕಳಿಗೆ ಮೊದಲ ಮೂರು ದಿನ ಪುಸ್ತಕ ಬೇಡ. ಕೆಳಗೆ ಕೂತು ಓದಿದರೆ ವಾಂತಿ ಗ್ಯಾರಂಟಿ. ಕಾಕ್‌ಪಿಟ್‌ನಲ್ಲಿ ದಿಗಂತ ನೋಡಿಸಿ, ಕಥೆ ಕೇಳಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ವಾಂತಿ ತಡೆಯಲು ಕಿವಿಯ ಹಿಂದೆ ಅಂಟಿಸುವ ಔಷಧದ ಪಟ್ಟಿ ದೊಡ್ಡವರಿಗೆ, ಚಿಕ್ಕವರಿಗಲ್ಲ. ನಾಲ್ಕನೇ ದಿನದಿಂದ ಒಂಬತ್ತರಿಂದ ಹತ್ತೂವರೆ ಪಾಠ. ಮಧ್ಯಾಹ್ನ ಹನ್ನೆರಡಕ್ಕೆ ಕಾಗದದ ನಕ್ಷೆಯಲ್ಲಿ ಅಂದಿನ ಚುಕ್ಕೆ ಇಡುವುದು ಅವರದೇ ಹಕ್ಕು. ಗಡಿಯಾರವೂ ಒಳ್ಳೇ ಪಾಠ. 15 ಡಿಗ್ರಿಗೆ ಒಂದು ಗಂಟೆಯ ಲೆಕ್ಕದಲ್ಲಿ ಲಾಸ್ ಪಾಲ್ಮಾಸ್‌ನ 15 ಡಿಗ್ರಿ ಪಶ್ಚಿಮದಿಂದ ಸೇಂಟ್ ಲೂಸಿಯಾದ 61ಕ್ಕೆ ಮೂರೇ ಗಂಟೆ ವ್ಯತ್ಯಾಸ ಆಗಬೇಕು, ಆದರೆ ಗಡಿಯಾರ ನಾಲ್ಕು ಗಂಟೆ ಹಿಂದಕ್ಕೆ ಹೋಗುತ್ತದೆ. ಕೆನರಿಯ ಗಡಿಯಾರ ಸೂರ್ಯನಿಗಿಂತ ಒಂದು ಗಂಟೆ ಮೊದಲೇ ಮುಂದಿದೆ ಅನ್ನುವುದನ್ನು ಅವರೇ ಕಂಡುಹಿಡಿಯಲಿ.

ಕರೆಂಟು ಕಾಡುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ತಾನೇ ಚುಕ್ಕಾಣಿ ತಿರುಗಿಸುವ ಆಟೋಪೈಲಟ್ ಒಂದೇ ದಿನಕ್ಕೆ ಬ್ಯಾಟರಿಯ 100 ಆಂಪಿಯರ್-ಅವರ್ ತಿನ್ನಬಹುದು, ಫ್ರಿಜ್ಜಿಗೆ ಇನ್ನೈವತ್ತು. ಸೌರಫಲಕಗಳಿರುವುದು ದೋಣಿಯ ಹಿಂಭಾಗದಲ್ಲಿ, ಸೂರ್ಯ ಇಳಿಯುವುದು ಮುಂದೆ, ನಡುವೆ ಹಾಯಿಗಳ ನೆರಳು. ನೀರಲ್ಲಿ ಎಳೆದುಕೊಂಡು ಹೋಗುವ ಹೈಡ್ರೋ ಜನರೇಟರ್ ಇದ್ದರೆ ಒಳ್ಳೆಯದೇ, ಆದರೆ 2011ರಿಂದೀಚೆಗೆ ಈ ಭಾಗದಲ್ಲಿ ಸರ್ಗಾಸಮ್ ಅನ್ನುವ ಕಡಲಕಳೆ ಚಾಪೆ ಚಾಪೆಯಾಗಿ ತೇಲುತ್ತಿದೆ. ಅದು ರೆಕ್ಕೆಗೆ ಸುತ್ತಿಕೊಂಡಾಗಲೆಲ್ಲ ಎತ್ತಿ ಬಿಡಿಸಬೇಕು. ಚುಕ್ಕಾಣಿಗೂ ಗಾಳದ ದಾರಕ್ಕೂ ಅದೇ ಪಾಡು.

ಕೊನೆಯ ರಾತ್ರಿ ದ್ವೀಪದ ದೀಪ ಕಂಡಕೂಡಲೇ ನುಗ್ಗುವ ಆಸೆಯಾಗುತ್ತದೆ. ಬೆಳಗಾಗುವುದಕ್ಕೆ ಮುಂಚೆ ತಲುಪುವಂತಿದ್ದರೆ ಹಾಯಿ ಇಳಿಸಿ ಹೊರಗೇ ತಡೆದು ನಿಲ್ಲಿ. ಸೇಂಟ್ ಲೂಸಿಯಾದ ಪಿಜನ್ ಐಲೆಂಡ್ ಸುತ್ತಿ ರಾಡ್ನಿ ಬೇ ಕೊಲ್ಲಿಯೊಳಗೆ ಬಂದಮೇಲೆ, ದೇಶದೊಳಕ್ಕೆ ಅನುಮತಿ ಕೇಳುವ ಹಳದಿ ಕ್ಯೂ ಬಾವುಟ ಏರಿಸಿ. ಅಲ್ಲಿಂದ ಪಾಸ್‌ಪೋರ್ಟುಗಳನ್ನು ಹಿಡಿದು ಕಚೇರಿಗೆ ಹೋಗುವುದು ಕ್ಯಾಪ್ಟನ್ ಒಬ್ಬರೇ. ಮುದ್ರೆ ಬೀಳುವವರೆಗೆ ಮಕ್ಕಳು ಕಾಕ್‌ಪಿಟ್‌ನಲ್ಲೇ, ಉಳಿದ ಎಲೆಕೋಸಿನ ಜೊತೆ.