19 ಜನಕ್ಕೆ ಹೋದ ಒಂದು ಮೇಲ್

ನಾನು 11 ವರ್ಷದಿಂದ ಪೇರೋಲ್ ಕೆಲಸ, ಅಂದರೆ ನೌಕರರ ಸಂಬಳ ಲೆಕ್ಕ ಹಾಕುವ ಕೆಲಸ ಮಾಡುತ್ತಿದ್ದೇನೆ. ಹಾಜರಾತಿ, ರಜೆ, ಓಟಿ (ಪಾಳಿ ಮೀರಿ ದುಡಿದ ಹೊತ್ತಿನ ಕೂಲಿ), ಕಡಿತ, ಮತ್ತೆ ಹಾಜರಾತಿ. ಸಂಬಳದ ವಾರ ಬಂತೆಂದರೆ ನಮಗೆ ಬೇರೆ ಏನೂ ಕಾಣಿಸುವುದಿಲ್ಲ. ಅಂಥ ಒಂದು ವಾರ ನಾನು ಕಳಿಸಿದ ಮೇಲ್ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

2023ರ ಜೂನ್ ತಿಂಗಳ ಸಂಬಳ. ತಿಂಗಳ ಕೊನೆಯ ರಾತ್ರಿ ಪಾಳಿಯಲ್ಲಿ 14 ಜನ ಪಾಳಿ ಮುಗಿದ ಮೇಲೂ 4 ಗಂಟೆ ಉಳಿದು ದುಡಿದಿದ್ದರು. ಅಷ್ಟೂ ಜನರ ಓಟಿ ಬಿಟ್ಟುಹೋಗಿತ್ತು. ಶೀಟ್ ತುಂಬಿ ಕಳಿಸುವುದು ಆ ಪಾಳಿಯ ಸೂಪರ್‌ವೈಸರ್ ಕೆಲಸ. ಹಣ ಬ್ಯಾಂಕಿಗೆ ಹೋದ ಮೇಲೆ ವಿಷಯ ಗೊತ್ತಾಯಿತು. ಒಬ್ಬರಾದ ಮೇಲೆ ಒಬ್ಬರು ನನ್ನ ಮೇಜಿನ ಹತ್ತಿರ ಬಂದರು. ಒಬ್ಬರು ಸಂಬಳದ ಸ್ಲಿಪ್ಪನ್ನು ಮಡಚಿ ಮಡಚಿ ಬೆರಳಗಲ ಮಾಡಿಬಿಟ್ಟಿದ್ದರು. ಬಿಚ್ಚಿ ತೋರಿಸುವಾಗ ಮಡಿಕೆಯ ಮೇಲಿದ್ದ ಅಂಕಿಗಳು ಮಾಸಿಹೋಗಿದ್ದವು. ನನಗೆ ಸಿಟ್ಟು ನೆತ್ತಿಗೇರಿತು.

ಆ ಸಿಟ್ಟು ತಪ್ಪು ಅಂತ ನನಗೆ ಈಗಲೂ ಅನಿಸುವುದಿಲ್ಲ. ದುಡಿದವರ ಕೂಲಿಯಲ್ಲಿ ಅನ್ಯಾಯ ಮಾಡುವುದನ್ನು ದೇವರಿಗೆ ಮೊರೆಯಿಡುವ ಪಾಪಗಳ ಸಾಲಿಗೇ ಸೇರಿಸಿದೆ ನಮ್ಮ ಕಥೋಲಿಕ ಧರ್ಮಸಭೆ. ಬೈಬಲಿನ ಯಕೋಬರ ಪತ್ರದ 5ನೇ ಅಧ್ಯಾಯದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ ಕೂಗುತ್ತದೆ. 1891ರಲ್ಲಿ ಪೋಪ್ 13ನೇ ಲಿಯೋ ಧರ್ಮಸಭೆಗೆ ‘ರೇರುಮ್ ನೊವಾರುಮ್’ ಅನ್ನುವ ಪತ್ರ ಬರೆದಾಗಲೂ ಕಾರ್ಮಿಕರಿಗೆ ನ್ಯಾಯವಾದ ಕೂಲಿ ಸಿಗಬೇಕು ಅನ್ನುವುದು ಅದರ ಮುಖ್ಯ ಮಾತುಗಳಲ್ಲಿ ಒಂದಾಗಿತ್ತು. ಪೇರೋಲ್‌ನಲ್ಲಿ ಕೂತವರು ಇದನ್ನು ಮರೆಯಬಾರದು.

ನಾನು ಎಡವಿದ್ದು ಆಮೇಲೆ. ಕೂತಲ್ಲೇ ಆ ಸೂಪರ್‌ವೈಸರ್‌ಗೆ ಮೇಲ್ ಬರೆದೆ. ಸಿಸಿಯಲ್ಲಿ ಅವರ ಮ್ಯಾನೇಜರ್, ನನ್ನ ಮ್ಯಾನೇಜರ್, ಎಚ್‌ಆರ್, ಉಳಿದ ಪಾಳಿಗಳ ಸೂಪರ್‌ವೈಸರ್‌ಗಳು. ಒಟ್ಟು 19 ಜನ. ‘ನಿಮ್ಮ ಶೀಟಿನಲ್ಲಿ 14 ಜನರ ಓಟಿ ಇಲ್ಲ. ಇನ್ನು ಮುಂದೆಯಾದರೂ ಕಳಿಸುವ ಮುಂಚೆ ಒಮ್ಮೆ ನೋಡಿ.’ ಬರೆದದ್ದೆಲ್ಲ ನಿಜ. ಕೆಟ್ಟ ಪದ ಒಂದೂ ಇರಲಿಲ್ಲ. ಹಾಗಾಗಿ ಆ ರಾತ್ರಿ ನಾನು ನೆಮ್ಮದಿಯಾಗಿಯೇ ಮಲಗಿದೆ.

ಅವರಿಂದ ಬಂದದ್ದು ಒಂದೇ ಪದ. ‘ಗಮನಿಸಿದ್ದೇನೆ.’ ಆಮೇಲೆ ಅವರ ಫೋನ್ ನಿಂತುಹೋಯಿತು. ಮುಂಚೆ ತಿಂಗಳಿಗೆ ಮೂರು ನಾಲ್ಕು ಸಲ ಸಣ್ಣಪುಟ್ಟ ಅನುಮಾನ ಕೇಳುತ್ತಿದ್ದರು: ಅರ್ಧ ದಿನ ರಜೆ ಹಾಕಿದವರಿಗೆ ಓಟಿ ಹೇಗೆ, ಪಾಳಿ ಬದಲಾದವರನ್ನು ಎಲ್ಲಿ ತೋರಿಸುವುದು, ಇಂಥವು. ಈಗ ಶೀಟ್ ಕೊನೆಯ ಗಂಟೆಯಲ್ಲಿ ಬರತೊಡಗಿತು. ಅನುಮಾನ ಇದ್ದ ಕಡೆ ಊಹೆಯ ಮೇಲೆ ತುಂಬಿರುತ್ತಿದ್ದರು. ಇನ್ನೊಬ್ಬರ ಕಣ್ಣೆದುರು ಒಮ್ಮೆ ತಲೆತಗ್ಗಿಸಿದವರು ಮತ್ತೆ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ, ಅಲ್ವಾ? ನಷ್ಟವಾಗುವುದು ಮತ್ತೆ ಆ 14 ಜನರಂಥವರಿಗೇ.

ಅದೇ ವರ್ಷ ಸೆಪ್ಟೆಂಬರ್ 10, ಧರ್ಮಸಭೆಯ ಪಂಚಾಂಗದಲ್ಲಿ ಸಾಧಾರಣ ಕಾಲದ 23ನೇ ಭಾನುವಾರ. ನಮ್ಮ ಭಾನುವಾರದ ಪೂಜೆಯ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಆ ವರ್ಷ ಮತ್ತಾಯರು ಬರೆದ ಶುಭಸಂದೇಶದ ಸರದಿ. ಅಂದಿನ ಶುಭಸಂದೇಶ 18ನೇ ಅಧ್ಯಾಯದ 15ನೇ ವಚನದಿಂದ. ಸಹೋದರ ನಿನಗೆ ತಪ್ಪು ಮಾಡಿದರೆ ಹೋಗು, ನೀವಿಬ್ಬರೇ ಇರುವಾಗ ಅವನಿಗೆ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಮಾತ್ರ ಸಭೆಗೆ ತಿಳಿಸು.

ಮೂರು ಮೆಟ್ಟಿಲು. ನಾನು ಶುರುಮಾಡಿದ್ದೇ ಮೂರನೆಯದರಿಂದ. ನಮ್ಮ ಆಫೀಸುಗಳಲ್ಲಿ ಇದು ಎಷ್ಟು ಸಲೀಸು ನೋಡಿ. ಮೊದಲ ಮೆಟ್ಟಿಲಿಗೆ ಎದ್ದು ಹೋಗಬೇಕು, ಅವರ ಮುಖ ನೋಡಬೇಕು. ಮೂರನೆಯದಕ್ಕೆ ‘ರಿಪ್ಲೈ ಆಲ್’ ಒತ್ತಿದರೆ ಸಾಕು.

ಯೇಸುಸ್ವಾಮಿ ಅಲ್ಲಿ ಇನ್ನೊಂದು ಮಾತು ಹೇಳುತ್ತಾರೆ. ಅವನು ಕೇಳಿದರೆ ನಿನ್ನ ಸಹೋದರನನ್ನು ಗಳಿಸಿಕೊಂಡೆ. ವಾದದಲ್ಲಿ ಗೆದ್ದೆ ಅಂತಲ್ಲ. ಇದರ ಹಿಂದಿನ ವಚನಗಳಲ್ಲೇ 99 ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಇದೆ. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ತಿಳಿಯಿತು, ತಪ್ಪು ಹೇಳಲು ಹೋಗುವುದೂ ಹುಡುಕಿಕೊಂಡು ಹೋಗುವ ಕೆಲಸವೇ. ಇದೇ ವಾಚನದ ಬಗ್ಗೆ ಮಾತಾಡುತ್ತಾ ಪೋಪ್ ಫ್ರಾನ್ಸಿಸ್, ಬೆನ್ನ ಹಿಂದೆ ಆಡುವ ಮಾತು ಕೋವಿಡ್‌ಗಿಂತ ಕೆಟ್ಟ ಪಿಡುಗು ಅಂದಿದ್ದರು. ಅದು 2020ರ ಸೆಪ್ಟೆಂಬರ್, ಇಡೀ ಲೋಕವೇ ಆ ಕಾಯಿಲೆಗೆ ಹೆದರಿ ಕೂತಿದ್ದ ಸಮಯ.

‘ಆದರೆ ನಾನು ಸುಳ್ಳು ಹೇಳಲಿಲ್ಲವಲ್ಲ’ ಅಂತ ಮನಸ್ಸು ವಾದ ಹೂಡಿತು. 1992ರಲ್ಲಿ ಹೊರಬಂದ ಧರ್ಮಸಭೆಯ ಕ್ಯಾಟೆಕಿಸಂ, ಅಂದರೆ ಅದರ ಬೋಧನೆಗಳ ಪುಸ್ತಕ, ತೆರೆದು ನೋಡಿದೆ. 2477ನೇ ಭಾಗದಲ್ಲಿ ಉತ್ತರ ನೇರವಾಗಿಯೇ ಇದೆ. ಸುಳ್ಳು ಹೇಳಿ ಹೆಸರು ಕೆಡಿಸುವುದು ಒಂದು ಪಾಪ. ಒಬ್ಬರ ನಿಜವಾದ ತಪ್ಪನ್ನೇ ಸರಿಯಾದ ಕಾರಣ ಇಲ್ಲದೆ, ಅದು ಗೊತ್ತಿಲ್ಲದವರಿಗೆ ಹೇಳುವುದು ಇನ್ನೊಂದು ಪಾಪ. 19 ಜನರಲ್ಲಿ ಆ ವಿಷಯ ತಿಳಿಯಲೇಬೇಕಾಗಿದ್ದವರು ಇಬ್ಬರು. ಉಳಿದ 17 ಜನಕ್ಕೆ ನಾನು ಸುಮ್ನೆ ಹೇಳಿದ್ದೆ.

ಆ ವಾರ ಪಾಪನಿವೇದನೆಗೆ ಹೋದೆ. ಎಲ್ಲ ಕೇಳಿದ ಮೇಲೆ ಫಾದರ್ ಒಂದೇ ಪ್ರಶ್ನೆ ಕೇಳಿದರು. “ಅವರ ಹತ್ತಿರ ಕ್ಷಮೆ ಕೇಳ್ತೀರಿ, ಸರಿ. ಉಳಿದವರ ಮನಸ್ಸಲ್ಲಿ ಉಳಿದದ್ದನ್ನು ಏನು ಮಾಡ್ತೀರಿ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ದಿನ ಪಾಳಿ ಶುರುವಾಗುವ ಅರ್ಧ ಗಂಟೆ ಮುಂಚೆ ಅವರ ಮೇಜಿಗೆ ಹೋದೆ. ಕೂರಿ ಅಂತ ಅವರು ಹೇಳಲಿಲ್ಲ. ನಾನೇ ಕುರ್ಚಿ ಎಳೆದುಕೊಂಡು ಕೂತೆ. “ಜುಲೈನಲ್ಲಿ ನಾನು ಮೇಲ್ ಕಳಿಸಿದ ರೀತಿ ತಪ್ಪು. ಮೊದಲು ನಿಮ್ಮ ಹತ್ತಿರ ಬರಬೇಕಿತ್ತು” ಅಂದೆ. ಅವರು ತುಂಬಾ ಹೊತ್ತು ಪೆನ್ನಿನ ಮುಚ್ಚಳವನ್ನು ಹಾಕುತ್ತಾ ತೆಗೆಯುತ್ತಾ ಇದ್ದರು. ಆಮೇಲೆ ಡ್ರಾಯರ್‌ನಿಂದ ಹಳೇ ಶೀಟ್ ತೆಗೆದು ನನ್ನ ಮುಂದಿಟ್ಟರು. “ನಾನು ಬಿಟ್ಟಿರಲಿಲ್ಲ. ನೋಡಿ.”

ನೋಡಿದೆ. ರಾತ್ರಿ ಪಾಳಿ 10ಕ್ಕೆ ಶುರುವಾಗಿ ಬೆಳಿಗ್ಗೆ 6ಕ್ಕೆ ಮುಗಿಯುತ್ತದೆ. ಜೂನ್ 30ರ ಪಾಳಿಯ ಓಟಿ ಶುರುವಾಗಿದ್ದು ಜುಲೈ 1ರ ಬೆಳಿಗ್ಗೆ. ಅವರು ಅದನ್ನು ಜುಲೈ ಶೀಟಿನ ಮೊದಲ ಸಾಲಿನಲ್ಲಿ ಬರೆದಿಟ್ಟಿದ್ದರು. ಗಡಿಯಾರದ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಪಾಳಿ ಯಾವ ದಿನ ಶುರುವಾಯಿತೋ ಓಟಿಯೂ ಆ ದಿನಕ್ಕೇ ಸೇರುತ್ತದೆ ಅನ್ನುವುದು ನಮ್ಮ ಪೇರೋಲ್‌ನ ನಿಯಮ. ಶೀಟಿನಲ್ಲಿ ಅದು ಎಲ್ಲೂ ಬರೆದಿರಲಿಲ್ಲ. ಆ ಶೀಟ್ ಮಾಡಿದ್ದು ನಾನು.

ಅಂದು ಮಧ್ಯಾಹ್ನ ಅದೇ 19 ಜನಕ್ಕೆ ಇನ್ನೊಂದು ಮೇಲ್ ಕಳಿಸಿದೆ. ತಪ್ಪು ನಾನು ಮಾಡಿದ ಶೀಟಿನಲ್ಲಿತ್ತು, ಅವರು ಬರೆದದ್ದು ಸರಿಯಾಗಿತ್ತು, ವಿಚಾರಿಸದೆ ಎಲ್ಲರ ಮುಂದೆ ಹೇಳಿದ್ದಕ್ಕೆ ಕ್ಷಮೆ ಇರಲಿ ಅಂತ. ಕಳಿಸುವಾಗ ಕೈ ನಡುಗಿತು. ಎಲ್ಲರ ಮುಂದೆ ಕೆಡಿಸಿದ್ದನ್ನು ಎಲ್ಲರ ಮುಂದೆಯೇ ಸರಿಮಾಡಬೇಕು ಅನ್ನುವುದು ಫಾದರ್ ಪ್ರಶ್ನೆಯಲ್ಲೇ ಇತ್ತು. ಶೀಟಿನಲ್ಲಿ ‘ಪಾಳಿ ಶುರುವಾದ ದಿನ’ ಅನ್ನುವ ಕಾಲಂ ಸೇರಿಸಿದೆ.

ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಇದೇ ವಚನವನ್ನು ಹಿಡಿದು, ಕಿರುಕುಳ ಅನುಭವಿಸಿದವರಿಗೆ ‘ಮೊದಲು ಒಬ್ಬರೇ ಹೋಗಿ ಮಾತಾಡಿ’ ಅನ್ನುವವರನ್ನು ನೋಡಿದ್ದೇನೆ. ಅದು ಕ್ರೂರ. ಅದೇ 18ನೇ ಅಧ್ಯಾಯದ 6ನೇ ವಚನದಲ್ಲಿ, ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಕಡಲಿಗೆ ಹಾಕುವುದೇ ಲೇಸು ಅನ್ನುವ ಮಾತಿದೆ. ಧರ್ಮಸಭೆಯೊಳಗೇ ಮುಚ್ಚಿಟ್ಟದ್ದರಿಂದ ಎಷ್ಟು ಜೀವಗಳು ನೊಂದಿವೆ ಅನ್ನುವುದು ಗೊತ್ತಿರುವುದೇ. 2019ರಲ್ಲಿ ಪೋಪ್ ಫ್ರಾನ್ಸಿಸ್, ದೌರ್ಜನ್ಯದ ವಿಷಯ ತಿಳಿದುಬಂದರೆ ಗುರುಗಳೂ ಕನ್ಯಾಸ್ತ್ರೀಯರೂ ಅದನ್ನು ವರದಿ ಮಾಡಲೇಬೇಕು ಅಂತ ಕಾನೂನು ತಂದರು. ಓಟಿ ಶೀಟಿನ ತಪ್ಪು ಬೇರೆ, ಬಲ ಇರುವವರು ಬಲ ಇಲ್ಲದವರಿಗೆ ಮಾಡುವ ಕೇಡು ಬೇರೆ. ಎರಡನೆಯದಕ್ಕೆ ನೇರ ದೂರು ಕೊಡಿ.

ಮುಂದಿನ ಭಾನುವಾರದ ವಾಚನ ಅದರ ಮುಂದುವರಿಕೆ, ಯೇಸುಸ್ವಾಮಿ ಹೇಳಿದ ಕ್ಷಮಿಸದ ಸೇವಕನ ಸಾಮತಿ ಕಥೆ. ದೊರೆಗೆ ಅವನ ಸಾಲ 10,000 ತಲೆಂತು. ಅವನಿಗೆ ಜೊತೆಯವನು ಕೊಡಬೇಕಿದ್ದದ್ದು 100 ದೆನಾರಿ. ಒಂದು ದೆನಾರಿ ಅಂದರೆ ಒಂದು ದಿನದ ಕೂಲಿ, ಒಂದು ತಲೆಂತು ಸುಮಾರು 6,000 ದೆನಾರಿ. ಲೆಕ್ಕದ ಕೆಲಸದವಳಲ್ವಾ, ಮನೆಗೆ ಬಂದು ಗುಣಿಸಿದೆ. 6 ಕೋಟಿ ದಿನದ ಕೂಲಿ ಒಂದು ಕಡೆ, 100 ದಿನದ ಕೂಲಿ ಇನ್ನೊಂದು ಕಡೆ. ವರ್ಷಕ್ಕೆ 300 ದಿನ ದುಡಿದರೂ ಮೊದಲ ಸಾಲ ತೀರಲು 2 ಲಕ್ಷ ವರ್ಷ ಬೇಕು. ಆ ಅಂಕಿಯನ್ನು ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಫೋನ್ ತಕ್ಷಣ ಶುರುವಾಗಲಿಲ್ಲ. ನವೆಂಬರ್ ಸಂಬಳದ ಹೊತ್ತಿಗೆ ಒಂದು ಸಂಜೆ ಅವರೇ ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ನಾನು ಕಳಿಸಿದ ಕರಡು ಪಟ್ಟಿ. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, “ಎರಡು ನಿಮಿಷ ಇದೆಯಾ ಮೇಡಂ?” ಅಂದರು. ಒಬ್ಬರ ರಜೆಯನ್ನು ನಾನು ಎರಡು ಸಲ ಕಳೆದಿದ್ದೆ. ಕುರ್ಚಿ ಎಳೆದುಕೊಟ್ಟೆ. ಇಬ್ಬರೂ ಕೂತು ಆ ಸಾಲನ್ನು ಸರಿಮಾಡಿದೆವು. ಹಣ ಬ್ಯಾಂಕಿಗೆ ಹೋಗಲು ಇನ್ನೂ ಎರಡು ದಿನ ಇತ್ತು.