ಅಂಕ ಕೊಟ್ಟವರು ಯಾರು?

ಬಟ್ಟೆ ಒಗೆಯುವ ಮಷಿನ್‌ಗಳಿರುವುದು ನ್ಯೂಯಾರ್ಕಿನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ. ಡ್ರೈಯರ್ ನಿಲ್ಲುವವರೆಗೆ ಅಲ್ಲಿ ಫೋನ್ ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮೊನ್ನೆ ಫೋನಿನಲ್ಲಿ ಓಡುತ್ತಿದ್ದದ್ದು ಅರಕಲಗೂಡು ಕಡೆಯ ಮದುವೆಯೊಂದರ ವಿಡಿಯೊ. ಹೆಣ್ಣಿನ ಕಡೆಯ ಹೆಂಗಸರು ಬೀಗಿತಿಯನ್ನು ಹಿಡಿದು ಪದ ಕಟ್ಟಿ ಜರೆಯುತ್ತಿದ್ದಾರೆ. ಅವಳು ತಂದ ಸೀರೆ ತೆಳ್ಳಗೆ, ಹಾಕಿದ ಒಡವೆ ಹಗುರ, ಉಂಡ ಊಟ ಮಾತ್ರ ಭಾರ. ಗಂಡಿನ ಕಡೆಯವರೂ ಬಿಡದೆ ತಿರುಗಿಸಿ ಕೊಡುತ್ತಿದ್ದಾರೆ. ಪಕ್ಕದ ಮನೆಯ ಹುಡುಗ ಬಗ್ಗಿ ನೋಡಿದ. ಕನ್ನಡ ಒಂದಕ್ಷರ ಬರದಿದ್ದರೂ ಅಲ್ಲಿ ನಡೆಯುತ್ತಿರುವುದೇನೆಂದು ಅವನಿಗೆ ತಕ್ಷಣ ತಿಳಿಯಿತು. “ಕೊನೆಗೆ ಗೆದ್ದಿದ್ದು ಯಾರು?” ಅಂದ.

ಹಾಸನದ ಕಡೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಬೀಗರ ಪದದಲ್ಲಿ ಗೆಲುವು ಸೋಲು ಎಲ್ಲಿಂದ ಬರಬೇಕು? ಉತ್ತರ ಹುಡುಕುವಷ್ಟರಲ್ಲಿ, ದುಪ್ಪಟಿ ಮಡಚುತ್ತಿದ್ದ ಅವನ ಅಜ್ಜಿ ಬಾಯಿ ಹಾಕಿದರು: “ಗೆದ್ದವರ ವಿಚಾರ ಆಮೇಲೆ. ಅಂಕ ಕೊಟ್ಟವರು ಯಾರು ಅಂತ ಮೊದಲು ಕೇಳು. ಶಾಂಟೆಗೆ ಏನಾಯಿತು ಅಂತ ನಿನಗೆ ಹೇಳಿದ್ದೀನಲ್ಲ.”

ಅಜ್ಜಿ ಹೇಳಿದ ಶಾಂಟೆ ಅಂದರೆ ರಾಕ್ಸಾನ್ ಶಾಂಟೆ, ತಾಳದ ಮೇಲೆ ಪ್ರಾಸ ಕಟ್ಟಿ ಮಾತು ಹೇಳುವ ರ್ಯಾಪ್ ಹಾಡುಗಾರ್ತಿ. ಹುಟ್ಟಿದ್ದು 1969ರಲ್ಲಿ, ಮೂಲ ಹೆಸರು ಲೊಲಿಟಾ ಶಾಂಟೆ ಗುಡೆನ್. ಬೆಳೆದದ್ದು ನ್ಯೂಯಾರ್ಕಿನ ಇದೇ ಕ್ವೀನ್ಸ್ ಭಾಗದ ಕ್ವೀನ್ಸ್‌ಬ್ರಿಡ್ಜ್ ವಸತಿಯಲ್ಲಿ. ಈಸ್ಟ್ ರಿವರ್ ಹೊಳೆಯ ದಡಕ್ಕೆ, ದೊಡ್ಡ ಸೇತುವೆಯ ಮಗ್ಗುಲಿಗೆ 1939ರಲ್ಲಿ ಎದ್ದ ಸರ್ಕಾರಿ ಮನೆಗಳು ಅವು. ಆರಂತಸ್ತಿನ 96 ಕಟ್ಟಡ, 3,100ಕ್ಕೂ ಹೆಚ್ಚು ಮನೆ. ಉತ್ತರ ಅಮೆರಿಕದಲ್ಲಿ ಇಷ್ಟು ದೊಡ್ಡ ಸರ್ಕಾರಿ ವಸತಿ ಇನ್ನೊಂದಿಲ್ಲ. ರ್ಯಾಪ್ ಹಾಡಿದ ಮೊದಲ ಹೆಣ್ಣು ಇವಳಲ್ಲ. ಬ್ರಾಂಕ್ಸ್‌ನಲ್ಲಿ ಶಾ-ರಾಕ್ 1970ರ ದಶಕದಲ್ಲೇ ಗಂಡಸರ ತಂಡದ ನಡುವೆ ಮೈಕ್ ಹಿಡಿದಿದ್ದಳು, ದಕ್ಷಿಣ ಕೆರೊಲಿನಾದ ಮೂವರು ಹುಡುಗಿಯರ ‘ದ ಸೀಕ್ವೆನ್ಸ್’ ತಂಡ 1979ರಲ್ಲೇ ರೆಕಾರ್ಡ್ ತಂದಿತ್ತು. ಆ ವರ್ಷ ರ್ಯಾಪನ್ನು ದೇಶಕ್ಕೆಲ್ಲ ಕೇಳಿಸಿದ ರೆಕಾರ್ಡ್ ಕಂಪನಿಯನ್ನು ನಡೆಸುತ್ತಿದ್ದದ್ದೂ ಹೆಂಗಸೇ, ಸಿಲ್ವಿಯಾ ರಾಬಿನ್ಸನ್. ಶಾಂಟೆ ಮಾಡಿದ್ದು ಬೇರೆ. ಗಂಡಸರ ಹಿಟ್ ಹಾಡಿಗೆ ಅದೇ ತಾಳದ ಮೇಲೆ ನಿಂತು ತಿರುಗಿ ಕೊಟ್ಟಳು, ಕೊಟ್ಟಾಗ ವಯಸ್ಸು 14.

1984ರಲ್ಲಿ ಯು.ಟಿ.ಎಫ್.ಒ. ಎಂಬ ಬ್ರೂಕ್ಲಿನ್ ತಂಡದ ಒಂದು ಹಾಡು ನ್ಯೂಯಾರ್ಕಿನಲ್ಲಿ ಜೋರಾಗಿ ಓಡುತ್ತಿತ್ತು. ಬೀದಿಗೆ ಹೊಸದಾಗಿ ಬಂದ ರಾಕ್ಸಾನ್ ಎಂಬ ಹುಡುಗಿಯನ್ನು ಮೂವರು ಒಬ್ಬರಾದ ಮೇಲೊಬ್ಬರು ಒಲಿಸಿಕೊಳ್ಳಲು ನೋಡುತ್ತಾರೆ, ಅವಳು ಯಾರಿಗೂ ಸೊಪ್ಪು ಹಾಕುವುದಿಲ್ಲ, ಅದಕ್ಕೆ ಇವರು ಅವಳನ್ನೇ ಹಂಗಿಸುತ್ತಾರೆ. ಹಾಡಿನ ತುಂಬ ಅವಳ ಹೆಸರು, ಅವಳ ಬಾಯಿಂದ ಮಾತ್ರ ಒಂದು ಮಾತಿಲ್ಲ. ಇದೇ ತಂಡ ರೇಡಿಯೊ ಡಿ.ಜೆ. ಮಿಸ್ಟರ್ ಮ್ಯಾಜಿಕ್ ಕಡೆಯವರು ಏರ್ಪಡಿಸಿದ್ದ ಕಾರ್ಯಕ್ರಮವೊಂದಕ್ಕೆ ಕೈಕೊಟ್ಟಿತು. ಮ್ಯಾಜಿಕ್ ಕಡೆಯವರು ಗೊಣಗುತ್ತಿರುವುದು ಕ್ವೀನ್ಸ್‌ಬ್ರಿಡ್ಜ್‌ನ ಈ ಹುಡುಗಿಯ ಕಿವಿಗೆ ಬಿತ್ತು. ರಾಕ್ಸಾನ್ ನಾನಾಗುತ್ತೇನೆ, ಉತ್ತರ ನಾನು ಕೊಡುತ್ತೇನೆ ಅಂದಳು. ಅದೇ ವಸತಿಯ ಮಾರ್ಲಿ ಮಾರ್ಲ್ ಎಂಬ ಯುವಕನ ಮನೆಯಲ್ಲೇ ರೆಕಾರ್ಡಿಂಗ್ ಸಲಕರಣೆ ಇತ್ತು. ಬಟ್ಟೆ ಒಗೆಯಲು ಹೊರಟಿದ್ದವಳನ್ನು ಅವನು ಕರೆದ, ಹಾಡಿದರೆ ಒಂದು ಜೀನ್ಸ್ ಪ್ಯಾಂಟ್ ಕೊಡಿಸುವೆ ಅಂದ ಎಂದು ಶಾಂಟೆ ಹೇಳಿಕೊಂಡಿದ್ದಾರೆ. ಕಾಗದವಿಲ್ಲ, ಪೆನ್ನಿಲ್ಲ. ನಿಂತ ಕಾಲಲ್ಲಿ, ಒಂದೇ ಸಲಕ್ಕೆ ಹೇಳಿ ಮುಗಿಸಿ ಬಟ್ಟೆ ಒಗೆಯಲು ಹೋದಳು. ಮೂವರನ್ನೂ ಹೆಸರು ಹಿಡಿದು ಒಬ್ಬೊಬ್ಬರಾಗಿ ಝಾಡಿಸಿದ್ದಳು.

ಇದು ಎಷ್ಟು ಕಷ್ಟ ಅನ್ನುವುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ರ್ಯಾಪ್‌ನಲ್ಲಿ ಒಂದು ಬಾರ್ ಎಂದರೆ ನಾಲ್ಕು ಪೆಟ್ಟು. ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಸ್ನೇರ್ ಡ್ರಮ್ ಬೀಳುತ್ತದೆ. ಪ್ರಾಸದ ಪದ ಸಾಮಾನ್ಯವಾಗಿ ನಾಲ್ಕನೆಯ ಪೆಟ್ಟಿನ ಮೇಲೇ ಕೂರಬೇಕು. ನಿಮಿಷಕ್ಕೆ 100 ಪೆಟ್ಟಿನ ನಡೆಯಲ್ಲಿ 16 ಬಾರ್‌ನ ಒಂದು ವರಸೆ 64 ಪೆಟ್ಟು, ಅಂದರೆ ಸುಮಾರು 38 ಸೆಕೆಂಡ್. ಉಸಿರಿಗೆ ಸಿಗುವ ಜಾಗ ಪ್ರಾಸ ಬಿದ್ದ ಮೇಲೆ, ಮುಂದಿನ ಮೊದಲ ಪೆಟ್ಟಿಗೆ ಮುಂಚೆ, ಅರೆ ಸೆಕೆಂಡಿನಷ್ಟು. ಹೊಸಬರು ಎಡವುವುದು ಇಲ್ಲೇ. ಸಾಲಿಗೆ ಪದ ತುರುಕಿ ಆ ಜಾಗವನ್ನು ತಿಂದುಹಾಕುತ್ತಾರೆ, ಮುಂದಿನ ಸಾಲು ತಡವಾಗಿ ಶುರುವಾಗುತ್ತದೆ, ಪ್ರಾಸ ಸ್ನೇರ್ ದಾಟಿ ಬೀಳುತ್ತದೆ. ಆಗ ಬೈಗುಳ ಎಷ್ಟೇ ಚುರುಕಾಗಿದ್ದರೂ ಕೇಳುವವರಿಗೆ ನಾಟುವುದಿಲ್ಲ. ಇದಕ್ಕೆ ಮದ್ದು ವೇಗ ಹೆಚ್ಚಿಸುವುದಲ್ಲ, ಸಾಲಿನಿಂದ ಎರಡು ಅಕ್ಷರ ಕಿತ್ತುಹಾಕುವುದು.

ನಮ್ಮ ಸೋಬಾನೆಯವರು ಈ ತೊಂದರೆಯನ್ನು ಎಂದೋ ಬೇರೆ ದಾರಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಮುಂದಾಳು ಹೆಂಗಸು ಒಂದು ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಅವರು ಹಾಡುವಷ್ಟು ಹೊತ್ತು ಅವಳಿಗೆ ಉಸಿರು, ಮುಂದಿನ ಸೊಲ್ಲು ಕಟ್ಟಲು ಸಮಯ, ಎದುರು ಕೂತ ಬೀಗಿತಿಯ ಮುಖ ಹೇಗಾಯಿತು ಎಂದು ನೋಡಲು ಪುರುಸೊತ್ತು. ಅರ್ಧ ಸೊಲ್ಲು ಮೊದಲೇ ಸಿದ್ಧವಿರುತ್ತದೆ, ಊರು, ಹೆಸರು, ಒಡವೆ ಮಾತ್ರ ಆ ದಿನದ್ದು. ಹಾಡಿನ ದಾಟಿಯೂ ಎಲ್ಲರದ್ದು, ಯಾರ ಅಪ್ಪಣೆಯೂ ಬೇಡ. ಶಾಂಟೆಯ ಹಿಂದೆ ಸೊಲ್ಲು ತಿರುಗಿಸುವವರು ಯಾರೂ ಇರಲಿಲ್ಲ. ದಾಟಿಯೂ ಅವಳದ್ದಲ್ಲ.

ಪೆಟ್ಟು ಬಿದ್ದದ್ದು ಅಲ್ಲಿಗೇ. ಆ ಕಾಲದ 12 ಇಂಚಿನ ರೆಕಾರ್ಡ್‌ಗಳಲ್ಲಿ ಮಾತಿಲ್ಲದ ಬರೀ ವಾದ್ಯದ ಟ್ರ್ಯಾಕ್ ಒಂದನ್ನೂ ಹಾಕುತ್ತಿದ್ದರು. ಡಿ.ಜೆ.ಗಳಿಗೆ ಅದು ಅನುಕೂಲ, ಉತ್ತರ ಕೊಡಬೇಕೆನ್ನುವವರಿಗೆ ಇನ್ನೂ ಅನುಕೂಲ. ಶಾಂಟೆ ಹಾಡಿದ್ದು ಯು.ಟಿ.ಎಫ್.ಒ. ತಂಡದ ಅದೇ ಟ್ರ್ಯಾಕ್ ಮೇಲೆ. ರೇಡಿಯೊದಲ್ಲಿ ಓಡಿ, ಫಿಲಡೆಲ್ಫಿಯಾದ ಸಣ್ಣ ಕಂಪನಿಯೊಂದು ರೆಕಾರ್ಡ್ ಮಾಡಿ ಮಾರುವ ಹೊತ್ತಿಗೆ ವಿಷಯ ವಕೀಲರ ಬಳಿ ಹೋಗಿತ್ತು. 1985ರ ಆರಂಭದಲ್ಲಿ ಹೊಸ ತಾಳ ಕೂರಿಸಿ, ಕೆಟ್ಟ ಮಾತು ತೆಗೆದು ಮತ್ತೆ ಬಿಡಬೇಕಾಯಿತು.

ದುಡ್ಡಿನ ಲೆಕ್ಕವನ್ನೂ ನೋಡಿ. 1985ರಲ್ಲಿ ಅಮೆರಿಕದ ಕಾನೂನಿನಂತೆ ಮಾರಾಟವಾದ ಪ್ರತಿ ರೆಕಾರ್ಡಿಗೆ, ಒಂದು ಹಾಡಿನ ಬರವಣಿಗೆ ಮತ್ತು ಸಂಗೀತಕ್ಕೆ ಸೇರಿ ಸಿಗುತ್ತಿದ್ದ ದರ ನಾಲ್ಕೂವರೆ ಸೆಂಟ್. ಲಕ್ಷ ಪ್ರತಿಗೆ 4,500 ಡಾಲರ್. ಅದರಲ್ಲಿ ಪಬ್ಲಿಷರ್ ಪಾಲು ಹೋಗಬೇಕು, ತಾಳ ಬೇರೆಯವರದ್ದಾದರೆ ಅವರ ಪಾಲೂ ಹೋಗಬೇಕು. ಹಾಡಿದ್ದಕ್ಕೆ ಬರುವ ರಾಯಲ್ಟಿ ಬೇರೆ, ಆದರೆ ಕಂಪನಿ ಕೊಟ್ಟ ಮುಂಗಡ ಮತ್ತು ಸ್ಟುಡಿಯೊ ಖರ್ಚು ಅದರಲ್ಲಿ ತೀರುವವರೆಗೆ ಹಾಡುಗಾರರ ಕೈಗೆ ಪುಡಿಗಾಸು ಬರುವುದಿಲ್ಲ. ರೆಕಾರ್ಡಿನ ಲೇಬಲ್ ಮೇಲೆ ಬರೆದವರ ಹೆಸರು ಯಾರದ್ದು ಎಂದು ನೋಡದೆ ಸಹಿ ಹಾಕಿದವರಿಗೆ ಮೊದಲ ಪಾಲೂ ಇಲ್ಲ. ಹದಿನಾಲ್ಕರ ಹುಡುಗಿಗೆ, ಸರ್ಕಾರಿ ವಸತಿಯ ಮನೆಯವರಿಗೆ, ಇದನ್ನೆಲ್ಲ ಬಿಡಿಸಿ ಹೇಳುವವರು ಯಾರು?

ಹಾಡು ಮಾತ್ರ ಬೆಂಕಿ ಹಚ್ಚಿತು. ಯು.ಟಿ.ಎಫ್.ಒ. ಕಡೆಯವರು ‘ನಿಜವಾದ ರಾಕ್ಸಾನ್’ ಎಂದು ಇನ್ನೊಬ್ಬಳನ್ನು ಮುಂದೆ ತಂದರು. ಬ್ರೂಕ್ಲಿನ್‌ನ ಸ್ಪಾರ್ಕಿ ಡಿ ಎಂಬ ಹುಡುಗಿ ಶಾಂಟೆಯ ಮೇಲೇ ಎರಗಿದಳು. ಇಬ್ಬರೂ ಆಮೇಲೆ ಒಂದೇ ರೆಕಾರ್ಡಿನಲ್ಲಿ ಎದುರುಬದುರಾಗಿ ಹಾಡಿದರು, ಜಗಳ ಚೆನ್ನಾಗಿ ಮಾರಾಟವಾಗುತ್ತದೆ ಎಂದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ರಾಕ್ಸಾನ್‌ಳ ಅಪ್ಪ ಅಮ್ಮ, ಅಣ್ಣಂದಿರು, ಡಾಕ್ಟರ್ ಎಲ್ಲರ ಹೆಸರಿನಲ್ಲೂ ರೆಕಾರ್ಡ್ ಬಂತು. ಕೊನೆಗೆ ರಾಕ್ಸಾನ್ ಗಂಡಸು ಎಂದು ಹೇಳುವ ಹಾಡೂ ಬಂತು. ಹತ್ತಾರು ಉತ್ತರ ಪ್ರತ್ಯುತ್ತರಗಳು. ಬೀಗರ ಪದ ಚಪ್ಪರದಿಂದ ಎದ್ದು ಊರೂರಿಗೆ ಹಬ್ಬಿದ್ದರೆ ಹೀಗೇ ಆಗುತ್ತಿತ್ತೇನೋ.

ಇನ್ನು ಅಜ್ಜಿ ನೆನೆಸಿದ ಅಂಕದ ವಿಚಾರ. 1985ರಲ್ಲಿ ನ್ಯೂಯಾರ್ಕಿನ ‘ನ್ಯೂ ಮ್ಯೂಸಿಕ್ ಸೆಮಿನಾರ್’ ಎಂಬ ಸಂಗೀತ ಸಮಾವೇಶದಲ್ಲಿ ರ್ಯಾಪ್ ಪಂದ್ಯ ನಡೆಯಿತು. ವೇದಿಕೆಯ ಮೇಲೆ ಮುಖಾಮುಖಿ, ತೀರ್ಪುಗಾರರಿಂದ ಅಂಕ. ಗಂಡಸರನ್ನು ದಾಟಿಕೊಂಡು ಶಾಂಟೆ ಫೈನಲ್‌ಗೆ ಬಂದಳು. ಎದುರಾಳಿ ಬಿಜಿ ಬೀ, ಬ್ರಾಂಕ್ಸ್‌ನ ಹಳೆಯ ಹುಲಿ. ಗೆಲುವು ಅವನದ್ದಾಯಿತು. ತೀರ್ಪುಗಾರರಲ್ಲಿ ಒಬ್ಬರು ಕರ್ಟಿಸ್ ಬ್ಲೋ, ಆಗಿನ ದೊಡ್ಡ ಹೆಸರು. ಅವರು ಕೊಟ್ಟ ಕಡಿಮೆ ಅಂಕವೇ ತನ್ನನ್ನು ಸೋಲಿಸಿತು ಎಂದು ಶಾಂಟೆ ಹಲವು ಸಲ ಹೇಳಿದ್ದಾರೆ. ರ್ಯಾಪ್ ಎಂಬ ಕಲೆ ಆಗಷ್ಟೇ ಮರ್ಯಾದೆ ಗಳಿಸುತ್ತಿತ್ತು, ಹದಿನೈದರ ಹುಡುಗಿ ಅದರ ಚಾಂಪಿಯನ್ ಆದರೆ ಜನ ನಗುತ್ತಾರೆ ಎಂಬ ಲೆಕ್ಕ ಅದರ ಹಿಂದಿತ್ತು ಎನ್ನುವುದು ಶಾಂಟೆಯ ಮಾತು. ಕ್ವೀನ್ಸ್‌ನಲ್ಲಿ ಆ ವಯಸ್ಸಿನ ಹೆಂಗಸರ ಬಳಿ ಈ ವಿಷಯ ಎತ್ತಿದರೆ ಇವತ್ತಿಗೂ ದನಿ ಏರುತ್ತದೆ.

ಶಾಂಟೆ ಹದಿಹರೆಯದಲ್ಲೇ ತಾಯಿಯಾದಳು. 1987 ಮತ್ತು 1988ರಲ್ಲಿ ಬಂದ ಅವಳ ಒಳ್ಳೆಯ ಹಾಡುಗಳಿಗೆ ಪದ ಬರೆದುಕೊಟ್ಟದ್ದು ಬಿಗ್ ಡ್ಯಾಡಿ ಕೇನ್. 1989ರಲ್ಲಿ ಮೊದಲ ಆಲ್ಬಮ್, 1992ರಲ್ಲಿ ಎರಡನೆಯದು, ಆಮೇಲೆ ರಂಗದಿಂದ ಹೆಚ್ಚುಕಡಿಮೆ ದೂರ. ಆ ಆಲ್ಬಮ್‌ಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೇರೆಯವರು ಬರೆದ ಸಾಲಿಗೂ ಅವಳ ಬಾಯಿಗೆ ತಾನಾಗಿ ಬಂದ ಸಾಲಿಗೂ ಇರುವ ವ್ಯತ್ಯಾಸ ಕಿವಿಗೆ ಸಿಗುತ್ತದೆ, ಅಷ್ಟೆ.

ನಡುವೆ ಒಂದು ಸುಳ್ಳು ಸುದ್ದಿಯೂ ಸೇರಿಕೊಂಡಿತು. ರೆಕಾರ್ಡ್ ಕಂಪನಿಯ ಖರ್ಚಿನಲ್ಲೇ ಓದಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದಳು ಎಂದು 2009ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಬರೆಯಿತು. ಇನ್ನೊಂದು ಪತ್ರಿಕೆ ಕೆದಕಿ ನೋಡಿದಾಗ ಪದವಿಯೂ ಇರಲಿಲ್ಲ, ಅಂಥ ಕರಾರಿನ ಕುರುಹೂ ಇರಲಿಲ್ಲ. ಮೊದಲು ಬರೆದವರು ತಿದ್ದುಪಡಿ ಹಾಕಿದರು. ಆ ಕಥೆ ಮಾತ್ರ ಇನ್ನೂ ಅಲ್ಲಿ ಇಲ್ಲಿ ಓಡಾಡುತ್ತಿದೆ. ಅದು ಯಾಕೆ ಸಾಯುವುದಿಲ್ಲ ಎಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಯಿ ಜೋರಿನ ಹುಡುಗಿಯನ್ನು ಗಂಡುಬೀರಿ ಅನ್ನುತ್ತೇವೆ, ಅವಳೇ ಒಂದು ಡಾಕ್ಟರೇಟ್ ತಂದರೆ ಆ ಬಾಯಿಯನ್ನು ಮಾಫಿ ಮಾಡುತ್ತೇವೆ.

ಅಸಲಿ ಗೌರವ ಬರುವುದಕ್ಕೆ 40 ವರ್ಷ ಹಿಡಿಯಿತು. 2017ರಲ್ಲಿ ಅವರ ಬದುಕಿನ ಮೇಲೊಂದು ಸಿನಿಮಾ ಬಂತು. 2025ರಲ್ಲಿ, ಗ್ರ್ಯಾಮಿ ಪ್ರಶಸ್ತಿ ಕೊಡುವ ರೆಕಾರ್ಡಿಂಗ್ ಅಕಾಡೆಮಿ ಅವರಿಗೆ ಜೀವಮಾನ ಸಾಧನೆಯ ಗೌರವ ಕೊಟ್ಟಿತು. ತಂಡವಿಲ್ಲದೆ ಒಂಟಿಯಾಗಿ ಹಾಡಿದ ರ್ಯಾಪರ್ ಹೆಂಗಸೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಇಲ್ಲಿ ಕೂತು ಯೋಚಿಸಿದರೆ ಹೊಟ್ಟೆ ಉರಿಯುವುದು ಇದಕ್ಕೆ. ಅಂಕ ಕಡಿಮೆ ಕೊಟ್ಟರು ಎಂದು ದೂರಲಾದರೂ ಶಾಂಟೆಗೆ ಒಂದು ಹೆಸರಿದೆ, ತಾರೀಖಿದೆ, ರೆಕಾರ್ಡಿದೆ. ಅರಕಲಗೂಡಿನ ಆ ವಿಡಿಯೊದಲ್ಲಿ ಹೆಣ್ಣು ಗಂಡಿನ ಹೆಸರು ಚಿನ್ನದ ಅಕ್ಷರದಲ್ಲಿದೆ, ಕಲ್ಯಾಣ ಮಂಟಪದ ಹೆಸರಿದೆ, ಫೋಟೊ ಸ್ಟುಡಿಯೊದ ಮೊಬೈಲ್ ನಂಬರ್ ಕೂಡ ಇದೆ. ಮುಂದಾಳಾಗಿ ಹಾಡಿದ ಹೆಂಗಸು ಯಾರೆಂದು ಎಲ್ಲೂ ಇಲ್ಲ. ಓಲಗದವರಿಗೆ, ಅಡುಗೆಯವರಿಗೆ, ಡಿ.ಜೆ.ಗೆ ಮುಂಗಡ ಕೊಟ್ಟು ಗೊತ್ತು ಮಾಡುತ್ತಾರೆ. ಸೋಬಾನೆಯವರಿಗೆ ಎಲೆ ಅಡಿಕೆ, ಬಾಳೆಹಣ್ಣು, ಮನಸ್ಸು ಬಂದರೆ ಒಂದು ರವಿಕೆ ಕಣ. ಸಕಲೇಶಪುರದ ಎಸ್.ಕೆ. ಕರೀಂಖಾನ್ ಊರೂರು ಅಲೆದು ಜನಪದ ಗೀತೆ ಕಲೆಹಾಕಿದ ಜಿಲ್ಲೆ ನಮ್ಮದು. ಈಗ ಎಲ್ಲರ ಜೇಬಿನಲ್ಲೂ ರೆಕಾರ್ಡಿಂಗ್ ಯಂತ್ರವಿದೆ, ಹೆಸರು ಕೇಳುವವರು ಮಾತ್ರ ಕಡಿಮೆ.

ನಮ್ಮ ಕಾನೂನು ಈ ಹಾಡುವ ಹೆಂಗಸರ ಪರವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷ ಹಕ್ಕಿದೆ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಮಿನ ಪ್ರಕಾರ, ಹಾಡಿದ್ದು ನಾನು ಎಂದು ಗುರುತಿಸಬೇಕು ಎಂದು ಕೇಳುವ ಹಕ್ಕೂ ಇದೆ. ಪದ ಜನಪದರದ್ದಾಗಿರಬಹುದು, ದನಿ ಅವರೊಬ್ಬರದ್ದು.

ಮುಂದಿನ ಲಗ್ನದಲ್ಲಿ ಫೋನ್ ಹಿಡಿಯುವವರಿಗೆ ಒಂದೆರಡು ಮಾತು. ಸೌಂಡ್ ಬಾಕ್ಸಿನ ಪಕ್ಕ ನಿಂತರೆ ದನಿ ಒಡೆದು ಬರುತ್ತದೆ. ಮುಂದಾಳಿನಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಫ್ಯಾನಿನ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಸೊಲ್ಲು ತಿರುಗಿಸುವವರ ದನಿ ಅವಳದ್ದಕ್ಕಿಂತ ಜೋರು, ಅವರ ನಡುವೆ ಫೋನ್ ಇಟ್ಟರೆ ಹೊಸ ಸೊಲ್ಲು ಕೇಳುವುದೇ ಇಲ್ಲ. ಹಾಡು ಮುಗಿದ ತಕ್ಷಣ ರೆಕಾರ್ಡಿಂಗ್ ನಿಲ್ಲಿಸದೆ, ಹೆಸರು, ತೌರೂರು, ಯಾರಿಂದ ಕಲಿತದ್ದು ಎಂದು ಅವರ ಬಾಯಿಂದಲೇ ಹೇಳಿಸಿಕೊಳ್ಳಿ. ಕಡತ ಎಲ್ಲಿಗೆ ಹೋದರೂ ಹೆಸರು ಜೊತೆಗೇ ಹೋಗುತ್ತದೆ. ಯೂಟ್ಯೂಬಿಗೆ ಹಾಕುವ ಮುಂಚೆ ಕೇಳಿ, ಯಾಕೆಂದರೆ ಬೀಗರ ಪದದ ಅರ್ಧ ಮಾತು ಆ ಚಪ್ಪರದೊಳಗಿನ ಸಲಿಗೆಗೆ ಮಾತ್ರ ಸಲ್ಲುವಂಥದ್ದು. ಬೀಗಿತಿಯ ಹೆಸರು ಹಿಡಿದು ಹಾಡಿದ್ದು ವಾಟ್ಸಾಪಿನಲ್ಲಿ ಸುತ್ತಾಡಿದರೆ ಆಷಾಢಕ್ಕೆ ಹುಡುಗಿಯನ್ನು ಕರೆಯಲು ಹೋದವರು ಬೀಗರ ಬಾಗಿಲಲ್ಲೇ ಮಾತು ಕೇಳಬೇಕಾಗುತ್ತದೆ. ಅಂಥ ಸೊಲ್ಲು ಎಲ್ಲಿಂದ ಎಲ್ಲಿಯವರೆಗೆ ಎಂದು ಹಾಡಿದವರ ಹತ್ತಿರವೇ ಕೇಳಿ, ಅಷ್ಟನ್ನು ಕತ್ತರಿಸಿ ಉಳಿದದ್ದನ್ನು ಹಾಕಿ.