ಮೇಡೇ ಅಂದರೆ ಮೇ ಒಂದಲ್ಲ

ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ವಯರ್‌ಲೆಸ್, ಜಿಪಿಎಸ್ ಕೂರಿಸುವುದು ನನ್ನ ಕೆಲಸ. ಜೂನ್, ಜುಲೈಯಲ್ಲಿ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ನಮಗೆ ಆಗಲೇ ಕೆಲಸ ಜಾಸ್ತಿ. ಸೆಟ್ ಕೂರಿಸಿದ ಮೇಲೆ ಬೋಟು ನಡೆಸುವ ತಾಂಡೇಲರಿಗೆ ಒಂದು ಮಾತು ಹೇಳುತ್ತೇನೆ: ಜೀವಕ್ಕೆ ಅಪಾಯ ಅಂತಾದರೆ 16ನೇ ಚಾನೆಲ್ ಹಾಕಿ, ಮೂರು ಸಲ ‘ಮೇಡೇ’ ಅನ್ನಿ.

“ಅದು ಕಾರ್ಮಿಕರ ದಿನ ಅಲ್ವಾ ಮಾರಾಯ್ರೆ?” ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಅಲ್ಲ. ಚುಕ್ಕಿ, ಗೆರೆಗಳ ಸದ್ದಿನಲ್ಲೇ ಸಂದೇಶ ಕಳಿಸುವ ಮೋರ್ಸ್ ಕಾಲದಲ್ಲಿ ಅಪಾಯದ ಕರೆಗೆ ಎಸ್‌ಒಎಸ್ ಇತ್ತು. ಮೂರು ಚುಕ್ಕಿ, ಮೂರು ಗೆರೆ, ಮತ್ತೆ ಮೂರು ಚುಕ್ಕಿ. ಕುಟ್ಟಲು ಸುಲಭ, ಕೇಳಲೂ ಸುಲಭ. ರೇಡಿಯೋದಲ್ಲಿ ಬಾಯಿಂದಲೇ ಮಾತಾಡಲು ಶುರುವಾದಾಗ ತೊಂದರೆ ಬಂತು. ಆ ಗರಗರ ಸದ್ದಿನಲ್ಲಿ ಎಸ್ ಯಾವುದು, ಎಫ್ ಯಾವುದು? ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ರೇಡಿಯೋ ಅಧಿಕಾರಿಯಾಗಿದ್ದ ಫ್ರೆಡರಿಕ್ ಮಾಕ್‌ಫೋರ್ಡ್ 1920ರ ದಶಕದ ಆರಂಭದಲ್ಲಿ ಈ ಪದ ಹುಡುಕಿದ. ಅಲ್ಲಿಂದ ಹೆಚ್ಚಿನ ವಿಮಾನಗಳು ಪ್ಯಾರಿಸ್ಸಿನ ಲ ಬೂರ್ಜೆಗೆ ಹೋಗಿ ಬರುತ್ತಿದ್ದವು. ಎರಡೂ ಕಡೆಯವರಿಗೆ ತಿಳಿಯಬೇಕಲ್ಲ? ‘ನನಗೆ ಸಹಾಯ ಮಾಡಿ’ ಎನ್ನುವ ಅರ್ಥದ ಫ್ರೆಂಚ್ ಮಾತನ್ನೇ ಎತ್ತಿಕೊಂಡ. 1927ರಲ್ಲಿ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅದೇ ಗಟ್ಟಿಯಾಯಿತು.

ನನಗೆ ಖುಷಿ ಕೊಡುವುದು ಉಚ್ಚಾರ. ಫ್ರೆಂಚರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಮೇದೇ’. ನಾಲಿಗೆ ಹಲ್ಲಿಗೆ ತಾಗುವ ದ. ಇಂಗ್ಲಿಷರಿಗೆ ಆ ದ ಇಲ್ಲ, ಹಾಗಾಗಿ ಡ ಆಯಿತು. ಈ ವ್ಯತ್ಯಾಸ ಇಂಗ್ಲಿಷಿನಲ್ಲಿ ಬರೆದು ತೋರಿಸುವುದು ಕಷ್ಟ, ನಮಗೆ ಒಂದು ಅಕ್ಷರ ಬದಲಿಸಿದರೆ ಸಾಕು. ತಮಾಷೆ ಏನೆಂದರೆ, ನಿಜವಾಗಿ ಮುಳುಗುತ್ತಿರುವ ಫ್ರೆಂಚ್ ಮನುಷ್ಯ ಹೀಗೆ ಕೂಗುವುದೇ ಇಲ್ಲ. ಅವನ ವ್ಯಾಕರಣದಲ್ಲಿ ಅದು ‘ಎದೇ ಮ್ವಾ’ ಆಗಬೇಕು!

ಮೂರು ಸಲ ಏಕೆ? ಯಾರೋ ಮೇಡೇ ಬಗ್ಗೆ ಸುಮ್ನೆ ಮಾತಾಡುತ್ತಿದ್ದಾರೆ ಅಂತ ಆಗಬಾರದು ಎಂದು. ಆಮೇಲೆ ಬೋಟಿನ ಹೆಸರು, ಇರುವ ಜಾಗ, ಏನಾಯಿತು, ಎಷ್ಟು ಜನ ಇದ್ದೀರಿ, ಇಷ್ಟು ಹೇಳಬೇಕು. ಉಳಿದವರು ಬಾಯಿ ಮುಚ್ಚಲಿ ಎಂದು ದಡದವರು ‘ಸೀಲಾನ್ಸ್ ಮೇಡೇ’ ಅನ್ನುತ್ತಾರೆ. ಅದೂ ಫ್ರೆಂಚ್ ಉಚ್ಚಾರದ್ದೇ.

ಜೀವಕ್ಕೆ ಸದ್ಯ ಅಪಾಯವಿಲ್ಲ, ಆದರೆ ಬೋಟು ಕೆಟ್ಟು ನಿಂತಿದೆ ಅಂದರೆ ‘ಪ್ಯಾನ್ ಪ್ಯಾನ್’. ಇದನ್ನೂ ಮೂರು ಸಲ. ಫ್ರೆಂಚಿನಲ್ಲಿ ‘ಪಾನ್’ ಅಂದರೆ ಕೆಟ್ಟು ನಿಲ್ಲುವುದು. ನಮ್ಮವರಿಗೆ ಇದನ್ನು ನೆನಪಿಡಲು ಕಷ್ಟವೇ ಇಲ್ಲ. ಪ್ರೊಪೆಲ್ಲರಿಗೆ ಇಲ್ಲಿ ಫ್ಯಾನ್ ಅನ್ನುವುದಲ್ವಾ? ಫ್ಯಾನಿಗೆ ಬಲೆ ಸುತ್ತಿದರೆ ಪ್ಯಾನ್ ಪ್ಯಾನ್, ಬೋಟಿಗೆ ನೀರು ನುಗ್ಗಿದರೆ ಮೇಡೇ ಅಂತ ಹೇಳಿಕೊಡುತ್ತೇನೆ.